ತಂಬೂರಿ ಬಾರದ ಶಬ್ದಪಾಠ

ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಶಬ್ದದ ಬಗ್ಗೆ ಒಂದು ಇಡೀ ಅಧ್ಯಾಯವಿದೆ. ಎನ್‌ಸಿಇಆರ್‌ಟಿಯಿಂದ ನಮ್ಮ ರಾಜ್ಯ ತಂದುಕೊಂಡ ಪುಸ್ತಕ ಅದು, ಕೆಟ್ಟ ಪುಸ್ತಕವೇನಲ್ಲ. ಶ್ರುತಿಕವೆ ಇದೆ, ಸ್ಲಿಂಕಿ ಇದೆ. ವಾದ್ಯಮೇಳದಲ್ಲಿ ಪಿಟೀಲು, ಕೊಳಲು ಎರಡೂ ಒಟ್ಟಿಗೆ ಕೇಳಿಸಿದರೂ ಅವೆರಡು ಬೇರೆ ಬೇರೆ ಎಂದು ನಮಗೆ ಹೇಗೆ ಗೊತ್ತಾಗುತ್ತದೆ ಎಂಬ ಒಳ್ಳೆಯ ಪ್ರಶ್ನೆಯೂ ಇದೆ. ಕೆಟ್ಟಿರುವುದು ಪಾಠ ನಡೆಯುವ ರೀತಿ. ಭೌತಶಾಸ್ತ್ರ ಕಲಿಸುವ ಪಿಸಿಎಂ ಮೇಷ್ಟ್ರು ಬೋರ್ಡಿನ ಮೇಲೆ ಡೊಂಕು ಗೆರೆ ಎಳೆದು ಉಬ್ಬು, ತಗ್ಗು, ತರಂಗದೂರ ಎಂದು ಬಾಣ ಹಾಕುತ್ತಾರೆ. ವೇಗ ಎಂದರೆ ತರಂಗದೂರವನ್ನು ಆವೃತ್ತಿಯಿಂದ ಗುಣಿಸಿದ್ದು. 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 344 ಮೀಟರ್. ಪ್ರತಿಧ್ವನಿ ಕೇಳಬೇಕಾದರೆ ಗೋಡೆ ಕನಿಷ್ಠ 17.2 ಮೀಟರ್ ದೂರವಿರಬೇಕು. ಎರಡು ಲೆಕ್ಕ ಬಿಡಿಸಿ, ಟಿಪ್ಪಣಿ ಬರೆಸಿದರೆ ಅಧ್ಯಾಯ ಮುಗಿಯಿತು. ಇಷ್ಟೂ ಹೊತ್ತು ತರಗತಿಯಲ್ಲಿ ಕೇಳಿಸಿದ ಶಬ್ದವೆಂದರೆ ಮೇಷ್ಟ್ರ ದನಿ ಮತ್ತು ಸೀಮೆಸುಣ್ಣದ ಕಿರಿಕಿರಿ.

ಹತ್ತನೆಯ ತರಗತಿಯಲ್ಲಿ ಶಬ್ದದ ಅಧ್ಯಾಯ ಇಲ್ಲ. ಬೆಳಕು, ವಿದ್ಯುತ್ತು, ಕಾಂತತ್ವ ಇವೆ. ಎಸ್ಸೆಸ್ಸೆಲ್ಸಿಗೆ ಬಾರದ ಪಾಠಕ್ಕೆ ಯಾರು ಪ್ರಾಣ ಕೊಡುತ್ತಾರೆ?

ಅದೇ ಶಾಲೆಯ ಇನ್ನೊಂದು ಕೋಣೆಯಲ್ಲಿ, ಅದೃಷ್ಟವಿದ್ದರೆ, ಒಬ್ಬ ಸಂಗೀತ ಶಿಕ್ಷಕರಿರುತ್ತಾರೆ. ಎಷ್ಟೋ ಸರ್ಕಾರಿ ಪ್ರೌಢಶಾಲೆಗಳಲ್ಲಿ ಆ ಹುದ್ದೆಯೇ ಇಲ್ಲ. ಇದ್ದ ಕಡೆ ಅವರ ಕೆಲಸವನ್ನು ಕ್ಯಾಲೆಂಡರ್ ನಿರ್ಧರಿಸುತ್ತದೆ: ಬೆಳಗಿನ ಪ್ರಾರ್ಥನೆ, ಆಗಸ್ಟ್ 15, ನವೆಂಬರ್ 1, ವಾರ್ಷಿಕೋತ್ಸವ, ಅತಿಥಿಗಳು ಬಂದರೆ ಸ್ವಾಗತಗೀತೆ. ಜೊತೆಗೆ ಪ್ರತಿಭಾ ಕಾರಂಜಿ ಸ್ಪರ್ಧೆ. ಚೆನ್ನಾಗಿ ಹಾಡುವ ಐದಾರು ಮಕ್ಕಳನ್ನು ಆರಿಸಿಕೊಂಡು ಒಂದು ಭಾವಗೀತೆ, ಒಂದು ಜನಪದ ಗೀತೆ ತಿದ್ದಿ ತಿದ್ದಿ ಕೂರಿಸಿದರೆ ವರ್ಷ ದಾಟಿತು. ಉಳಿದ ಮಕ್ಕಳು ಚಪ್ಪಾಳೆಗೆ. ಪಾಠದ ಕ್ರಮವೂ ಒಂದೇ: ನಾನು ಹೇಳಿದ ಹಾಗೆ ಹೇಳಿ. ಷಡ್ಜಕ್ಕೆ ಪಂಚಮ ಯಾಕೆ ಅಷ್ಟು ಚೆನ್ನಾಗಿ ಕೂಡಿಕೊಳ್ಳುತ್ತದೆ ಎಂದು ಮಗು ಕೇಳುವುದಿಲ್ಲ, ಮೇಷ್ಟ್ರೂ ಹೇಳುವುದಿಲ್ಲ. ಉತ್ತರ ಪಕ್ಕದ ಕೋಣೆಯಲ್ಲಿದೆ. ಷಡ್ಜದ ಆವೃತ್ತಿ 240 ಹರ್ಟ್ಸ್ ಆದರೆ ಪಂಚಮದ್ದು 360. ಎರಡಕ್ಕೆ ಮೂರರ ಅನುಪಾತ. ಪಿಸಿಎಂ ಮೇಷ್ಟ್ರು ಕೊಡುವ ಲೆಕ್ಕದಲ್ಲಿ ಈ ಎರಡು ಅಂಕಿ ಇದ್ದಿದ್ದರೆ ಹುಡುಗಿಯೊಬ್ಬಳಾದರೂ ಮನೆಗೆ ಹೋಗುತ್ತ ಅದನ್ನು ಗುನುಗುತ್ತಿದ್ದಳು.

ವಿಜ್ಞಾನ, ಸಂಗೀತಗಳ ನಡುವಿನ ಈ ಗೋಡೆ ನಮ್ಮಲ್ಲಿ ಇರಬಾರದಿತ್ತು ಎನ್ನುವುದಕ್ಕೆ ಕಾರಣ ಸಿ.ವಿ. ರಾಮನ್. ಫೆಬ್ರವರಿ 28ರಂದು ಪ್ರತಿ ಶಾಲೆಯಲ್ಲೂ ಅವರ ಪಟಕ್ಕೆ ಹೂವು ಬೀಳುತ್ತದೆ, ಬೆಳಕು ಚದುರುವುದರ ಬಗ್ಗೆ ಒಂದು ಭಾಷಣವಾಗುತ್ತದೆ. ಬೆಳಕಿನಲ್ಲಿ ಹೆಸರು ಮಾಡುವ ಮುಂಚೆ ಈ ಮನುಷ್ಯ ವರ್ಷಗಟ್ಟಲೆ ವಾದ್ಯಗಳ ಹಿಂದೆ ಬಿದ್ದಿದ್ದರು ಎಂಬುದು ಭಾಷಣದಲ್ಲಿ ಬರುವುದಿಲ್ಲ. 1920ರಲ್ಲಿ ಅವರು ಶಿವಕಾಳಿ ಕುಮಾರ್ ಜೊತೆ ‘ನೇಚರ್’ ಪತ್ರಿಕೆಯಲ್ಲಿ ನಮ್ಮ ಚರ್ಮವಾದ್ಯಗಳ ಬಗ್ಗೆ ಬರೆದರು. 1921ರಲ್ಲಿ ತಂಬೂರಿ ಮತ್ತು ವೀಣೆಯ ಬಗ್ಗೆ. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಮತ್ತೆ ಮೃದಂಗ, ತಬಲಾಗಳಿಗೆ ಮರಳಿದರು. ಬರೀ ಚರ್ಮ ಬಿಗಿದ ಡೋಲು ಬಾರಿಸಿದರೆ ಹುಟ್ಟುವ ಉಪಸ್ವರಗಳು 1.59, 2.14, 2.30 ಎಂದು ಅಡ್ಡಾದಿಡ್ಡಿ ಅನುಪಾತದಲ್ಲಿರುತ್ತವೆ. ಅದಕ್ಕೇ ಅದು ಗದ್ದಲ. ಮೃದಂಗದ ಬಲಗಡೆಗೆ ಮೆತ್ತುವ ಕರಿಯ ಕರಣೆ ಆ ಕಂಪನಗಳನ್ನು ಎಳೆದು ತಂದು ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಪೂರ್ಣಾಂಕಗಳ ಸಾಲಿಗೆ ಕೂರಿಸುತ್ತದೆ. ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ, ಅದು ಎಲ್ಲಿ ಕೂಡಿಕೊಳ್ಳುತ್ತದೆ ಎಂದು ನೋಡಿ ರಾಮನ್ ಇದನ್ನು ತೋರಿಸಿದರು. ಪ್ರೌಢಶಾಲೆಯಲ್ಲಿ ಮಾಡಲಾಗದ್ದು ಇದರಲ್ಲಿ ಏನಿದೆ?

ತಂಬೂರಿಯ ಸಂಗತಿ ಇನ್ನೂ ಸೊಗಸು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಆ ಬಿಂದು ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟುವಂತಿಲ್ಲ. ಇದು ಯಂಗ್ ಹೇಳಿದ ನಿಯಮ, ಹೆಲ್ಮ್‌ಹೋಲ್ಟ್ಸ್ ಗಟ್ಟಿಮಾಡಿದ್ದು. ಅಂದರೆ ಸಾರಣಿ ತಂತಿಯನ್ನು ನಟ್ಟನಡುವೆ ಮೀಟಿದರೆ ಮೇಲಿನ ಷಡ್ಜ ಅದರಲ್ಲಿ ಕೇಳಿಸಬಾರದು. ತಂಬೂರಿಯಲ್ಲಿ ಕೇಳಿಸುತ್ತದೆ. ತಂತಿಗಳನ್ನು ಹೊತ್ತ ಕುದುರೆಯ ಮೇಲ್ಮೈ ಚೂಪಾಗಿರದೆ ಅಗಲವಾಗಿ, ಬಾಗಿ ಇರುವುದರಿಂದ ಕಂಪಿಸುವ ತಂತಿ ಅದಕ್ಕೆ ತಾಗಿ ತಾಗಿ ಏಳುತ್ತದೆ. ನಡುವೆ ಜೀವಾಳದ ದಾರ ಸರಿಯಾದ ಜಾಗದಲ್ಲಿ ಕೂತರೆ ನಿಯಮಕ್ಕೆ ಸಿಕ್ಕದ ಸ್ವರಗಳೆಲ್ಲ ಹೊರಬರುತ್ತವೆ. ದಾರ ತೆಗೆದು ಒಮ್ಮೆ ಮೀಟಬೇಕು, ದನಿ ಮೊಂಡು. ದಾರ ಸಿಕ್ಕಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಮೀಟಬೇಕು. ಒಂದು ಜಾಗದಲ್ಲಿ ತಂತಿ ಝೇಂಕರಿಸತೊಡಗುತ್ತದೆ. ಆ ಜಾಗವನ್ನು ಸಂಗೀತ ಮೇಷ್ಟ್ರು ಕಣ್ಣುಮುಚ್ಚಿ ಹುಡುಕಬಲ್ಲರು, ಯಾಕೆಂದು ಹೇಳಲಾರರು. ಪಿಸಿಎಂ ಮೇಷ್ಟ್ರು ಯಾಕೆಂದು ಹೇಳಬಲ್ಲರು, ಹುಡುಕಲಾರರು. ಇಬ್ಬರೂ ಮಧ್ಯಾಹ್ನ ಒಂದೇ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುತ್ತಾರೆ.

ಇದೆಲ್ಲ ಕಲಿಕೆಯ ನಷ್ಟ. ಇನ್ನೊಂದು ನಷ್ಟ ನೇರವಾಗಿ ಮಕ್ಕಳಿಗೇ ತಟ್ಟುವಂಥದ್ದು. ಎಂಟನೆಯ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ಪಾಠವಿದೆ. ಜೀವಶಾಸ್ತ್ರ ಕಲಿಸುವ ಸಿಬಿಝಡ್ ಮೇಡಂ ಹೇಳುತ್ತಾರೆ: ಹುಡುಗರ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ದನಿ ಒಡೆಯುತ್ತದೆ, ಇದು ಸಹಜ, ಮುಜುಗರ ಬೇಡ. ಮುಂದಿನ ಪೀರಿಯಡ್‌ನಲ್ಲಿ ಅದೇ ಹುಡುಗನನ್ನು ಅಪಸ್ವರ ಎಂದು ಪ್ರಾರ್ಥನೆಯ ಗುಂಪಿನಿಂದ ಹೊರಗೆ ನಿಲ್ಲಿಸಲಾಗುತ್ತದೆ. ಆ ವಯಸ್ಸಿನಲ್ಲಿ ಹುಡುಗನ ದನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹುಡುಗಿಯರಿಗೆ ಹೊಂದುವ, ಹಾರ್ಮೋನಿಯಂನ ಕರಿ ನಾಲ್ಕರ ಶ್ರುತಿ ಹಿಡಿದು ಅವನನ್ನೂ ಹಾಡು ಎಂದರೆ ಅವನು ಕಿರುಚಲೇಬೇಕು, ಇಲ್ಲವೇ ಬಾಯಿ ಮುಚ್ಚಬೇಕು. ಬಹಳಷ್ಟು ಹುಡುಗರು ಬಾಯಿ ಮುಚ್ಚುತ್ತಾರೆ, ಮತ್ತೆ ತೆರೆಯುವುದೇ ಇಲ್ಲ. ದೊಡ್ಡವರಾದ ಮೇಲೆ ನನಗೆ ಸಂಗೀತ ಬರೋಲ್ಲ ಸಾರ್ ಎನ್ನುವ ಗಂಡಸರಲ್ಲಿ ಹಲವರು ಹೀಗೆ ತಯಾರಾದವರು ಎಂಬ ಗುಮಾನಿ ನನ್ನದು. ಸಂಗೀತ ಮೇಷ್ಟ್ರು ಎಂಟನೆಯ ತರಗತಿಯ ಆ ನಾಲ್ಕು ಸಾಲು ಓದಿದ್ದರೆ ಆ ಹುಡುಗರಿಗೆ ಬೇರೆ ಶ್ರುತಿ ಹಿಡಿದುಕೊಡುತ್ತಿದ್ದರು.

ಇಲಾಖೆಯೂ ಈ ವಿಭಜನೆಯನ್ನು ತನ್ನ ಕಾಗದಗಳಲ್ಲಿ ಕಾಪಾಡಿಕೊಂಡಿದೆ. ಎಸ್ಸೆಸ್ಸೆಲ್ಸಿ ವೇಳಾಪಟ್ಟಿಗಳನ್ನು ನೋಡಿ: ವಿಜ್ಞಾನ ಎಂದಿರುವ ದಿನದ ಸಾಲಿನಲ್ಲೇ ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತ ಎಂದೂ ಇರುತ್ತದೆ. ಅಂಗವೈಕಲ್ಯವಿರುವ ಮಕ್ಕಳಿಗೆ ವಿಜ್ಞಾನದ ಬದಲು ಕೊಟ್ಟಿರುವ ಅವಕಾಶ ಅದು, ಒಳ್ಳೆಯ ಉದ್ದೇಶದ್ದೇ. ಆದರೂ ಇದಕ್ಕಾಗಿ ಅದನ್ನು ಬಿಡಬೇಕು ಎಂಬ ಏರ್ಪಾಡು ಕಣ್ಣಿಗೆ ಹೊಡೆಯುತ್ತದೆ.

ಮೇಷ್ಟ್ರುಗಳ ಪರವಾಗಿ ಹೇಳಬೇಕಾದ್ದೂ ಇದೆ. ಪಿಸಿಎಂ ಎಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಒಬ್ಬರ ಹೆಗಲಿಗೆ. ಮೇಲೆ ಗಣತಿ, ಚುನಾವಣೆ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ. ಇದು ನಿಜ. ಆದರೆ ನಾನು ಹೇಳುತ್ತಿರುವುದು ಹೆಚ್ಚಿನ ಕೆಲಸವಲ್ಲ, ಹೇಗೂ ಮಾಡುವ ಎರಡು ಪಾಠವನ್ನು ಒಂದೇ ಕೋಣೆಯಲ್ಲಿ ಮಾಡುವುದು. ಭೌತಶಾಸ್ತ್ರದ ಮೇಷ್ಟ್ರಾಗಿದ್ದ ಎಚ್. ನರಸಿಂಹಯ್ಯನವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದರು, ಲಲಿತಕಲಾ ಪರಿಷತ್ತನ್ನೂ ಕಟ್ಟಿದರು. ಒಬ್ಬ ಮೇಷ್ಟ್ರಿಗೆ ಎರಡರ ಹಸಿವೂ ಇರಬಹುದು ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕು. ಅವೂ ಎರಡು ಬೇರೆ ಸಂಸ್ಥೆಗಳಾಗಿಯೇ ಇದ್ದವಲ್ಲ ಎಂದು ನೀವು ಕೇಳಬಹುದು. ಒಪ್ಪಿದೆ.

ಇಬ್ಬರಲ್ಲಿ ಯಾರ ತಪ್ಪು ಹೆಚ್ಚು ಎಂದರೆ ನಾನು ವಿಜ್ಞಾನದ ಮೇಷ್ಟ್ರ ಕಡೆ ಬೆರಳು ತೋರಿಸುತ್ತೇನೆ. ಅವರಿಗೆ ಪುಸ್ತಕವಿದೆ, ಪೀರಿಯಡ್‌ಗಳಿವೆ, ಶಾಲೆಯಲ್ಲಿ ಮರ್ಯಾದೆಯೂ ಇದೆ. ಸಂಗೀತದವರಿಗೆ ಮೂರರಲ್ಲಿ ಒಂದೂ ಗಟ್ಟಿಯಾಗಿಲ್ಲ. ಮೊದಲ ಹೆಜ್ಜೆ ಬಲವಿದ್ದವರೇ ಇಡಬೇಕು. ಮುಖ್ಯ ಶಿಕ್ಷಕರು ಶಬ್ದದ ಅಧ್ಯಾಯ ಬರುವ ವಾರ ಎರಡು ಪೀರಿಯಡ್ ಜೋಡಿಸಿ ಇಬ್ಬರನ್ನೂ ಒಟ್ಟಿಗೆ ತರಗತಿಗೆ ಕಳಿಸಲಿ. ಸಂಗೀತ ಶಿಕ್ಷಕರೇ ಇಲ್ಲದ ಶಾಲೆಯವರು ಊರಿನ ಭಜನಾ ಮಂಡಳಿಯಿಂದ ಒಬ್ಬರನ್ನು ಏಕತಾರಿ, ತಬಲಾ ಸಮೇತ ಕರೆಸಿಕೊಳ್ಳಲಿ; ಕರೆದರೆ ಬರುತ್ತಾರೆ.