ಕಕ್ಷೆಯ ಶಕ್ತಿ ಸಮೀಕರಣ: ನಾಲ್ಕು ಸಾಲಿನ ವ್ಯಾಖ್ಯಾನ

ಬೇಟ್, ಮುಲ್ಲರ್ ಮತ್ತು ವೈಟ್ ಅಮೆರಿಕದ ವಾಯುಪಡೆ ಅಕಾಡೆಮಿಯ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಾ ರೂಪಿಸಿದ ಪುಸ್ತಕ ‘ಫಂಡಮೆಂಟಲ್ಸ್ ಆಫ್ ಆಸ್ಟ್ರೋಡೈನಮಿಕ್ಸ್’. 1971ರಲ್ಲಿ ಡೋವರ್ ಪ್ರಕಟಿಸಿದ ಇದನ್ನು ಕಕ್ಷೆಗಳ ಗಣಿತ ಕಲಿಯುವವರು ಇಂದಿಗೂ ಬಿಟ್ಟಿಲ್ಲ. ಅದರ ಮೊದಲ ಅಧ್ಯಾಯದ ಒಂದು ಲೆಕ್ಕವನ್ನು ನನ್ನ ಮಾತಿನಲ್ಲಿ ನಾಲ್ಕು ಸಾಲಾಗಿ ಬರೆದು ವಿವರಿಸುತ್ತೇನೆ.

1. ವೇಗೋತ್ಕರ್ಷ = − (ಮ್ಯೂ ÷ ದೂರದ ಘನ) × ಸ್ಥಾನ ಸದಿಶ

ಇದು ನ್ಯೂಟನ್ನನ ಗುರುತ್ವ ನಿಯಮವೇ. ಛೇದದಲ್ಲಿ ಘನ ಕಂಡು ಗಾಬರಿ ಬೇಡ: ಸ್ಥಾನ ಸದಿಶದೊಳಗೆ ಒಂದು ದೂರ ಅಡಗಿದೆ, ಉಳಿಯುವುದು ವರ್ಗವೇ. ಮ್ಯೂ ಎಂದರೆ ಗುರುತ್ವ ಸ್ಥಿರಾಂಕ × ಸೆಳೆಯುವ ಕಾಯದ ದ್ರವ್ಯರಾಶಿ; ಭೂಮಿಗೆ ಅದರ ಬೆಲೆ ಸುಮಾರು 3,98,600, ಕಿಲೋಮೀಟರ್ ಮತ್ತು ಸೆಕೆಂಡುಗಳ ಲೆಕ್ಕದಲ್ಲಿ.

2. ಎರಡೂ ಬದಿಯನ್ನು ವೇಗ ಸದಿಶದೊಡನೆ ಬಿಂದು ಗುಣಾಕಾರ ಮಾಡು

ವಿದ್ಯಾರ್ಥಿಗಳು ನಿಜವಾಗಿ ಎಡವುವುದು ಇಲ್ಲಿ. ವೇಗದಿಂದಲೇ ಏಕೆ ಗುಣಿಸಬೇಕು? ಬಲ ಮತ್ತು ವೇಗಗಳ ಬಿಂದು ಗುಣಲಬ್ಧ ಎಂದರೆ ಪ್ರತಿ ಕ್ಷಣ ನಡೆಯುವ ಕೆಲಸ. ನಾವು ಹುಡುಕುತ್ತಿರುವುದು ಶಕ್ತಿಯನ್ನು. ಗುಣಿಸಿದ ಮೇಲೆ ಬಲಬದಿಯಲ್ಲಿ ಸ್ಥಾನ ಮತ್ತು ವೇಗಗಳ ಗುಣಲಬ್ಧ ಸಿಗುತ್ತದೆ. ಅದು ದೂರ × ದೂರ ಬದಲಾಗುವ ದರಕ್ಕೆ ಸಮ. ಈ ದರವನ್ನೇ ಉಪಗ್ರಹದ ವೇಗ ಎಂದುಕೊಂಡರೆ ಮುಂದಿನದೆಲ್ಲ ಕೆಡುತ್ತದೆ. ಭೂಸಮೀಪ ಬಿಂದುವಿನಲ್ಲಿ ಉಪಗ್ರಹದ ವೇಗ ಗರಿಷ್ಠ. ಆದರೆ ಅದೇ ಕ್ಷಣದಲ್ಲಿ ದೂರ ಬದಲಾಗುವ ದರ ಸೊನ್ನೆ. ಈ ಒಂದು ವ್ಯತ್ಯಾಸ ಮನಸ್ಸಿಗೆ ಇಳಿದರೆ ಅಧ್ಯಾಯದ ಅರ್ಧ ಭಾರ ಇಳಿದಂತೆ.

3. ವೇಗದ ವರ್ಗದ ಅರ್ಧ − ಮ್ಯೂ ÷ ದೂರ = ಸ್ಥಿರ

ಹಿಂದಿನ ಸಾಲನ್ನು ಅನುಕಲಿಸಿದರೆ ಇದು ಸಿಗುತ್ತದೆ. ಒಂದು ಕಿಲೋಗ್ರಾಂ ದ್ರವ್ಯರಾಶಿಯ ಒಟ್ಟು ಶಕ್ತಿ ಇದು.

4. ಆ ಸ್ಥಿರ = − ಮ್ಯೂ ÷ (ಅರ್ಧ ದೀರ್ಘಾಕ್ಷದ ಎರಡರಷ್ಟು)

ಶಕ್ತಿ ಕಕ್ಷೆಯ ಗಾತ್ರಕ್ಕೆ ಕಟ್ಟುಬಿದ್ದಿದೆ, ಆಕಾರಕ್ಕಲ್ಲ. ದೀರ್ಘಾಕ್ಷ ಒಂದೇ ಆಗಿದ್ದರೆ ದುಂಡು ಕಕ್ಷೆಗೂ ಚಪ್ಪಟೆ ಕಕ್ಷೆಗೂ ಶಕ್ತಿ ಒಂದೇ, ಸುತ್ತುವ ಅವಧಿಯೂ ಒಂದೇ.

ಮಂಗಳಯಾನವನ್ನು ತೆಗೆದುಕೊಳ್ಳಿ. 2013ರ ನವೆಂಬರ್ 5ರಂದು ಪಿಎಸ್‌ಎಲ್‌ವಿ ಅದನ್ನು ಸುಮಾರು 250 ಕಿ.ಮೀ. ಮತ್ತು 23,500 ಕಿ.ಮೀ. ಎತ್ತರಗಳ ನಡುವಿನ ಕಕ್ಷೆಗೆ ಸೇರಿಸಿತು. ಭೂಮಿಯ ತ್ರಿಜ್ಯ 6,378 ಕಿ.ಮೀ. ಕೂಡಿಸಿದರೆ ಭೂಕೇಂದ್ರದಿಂದ ದೂರಗಳು 6,628 ಮತ್ತು 29,878. ಅರ್ಧ ದೀರ್ಘಾಕ್ಷ ಇವುಗಳ ಸರಾಸರಿ, 18,253. ಮೂರನೆಯ ಮತ್ತು ನಾಲ್ಕನೆಯ ಸಾಲುಗಳನ್ನು ಜೋಡಿಸಿದರೆ ಭೂಸಮೀಪದಲ್ಲಿ ವೇಗ ಸೆಕೆಂಡಿಗೆ 9.9 ಕಿ.ಮೀ., ದೂರದ ತುದಿಯಲ್ಲಿ ಬರೀ 2.2 ಕಿ.ಮೀ.

ಈಗ ಎಂಜಿನ್ ಉರಿಸಿ ವೇಗಕ್ಕೆ ಸ್ವಲ್ಪವೇ ಕೂಡಿಸಿದರೆ, ಹೆಚ್ಚುವ ಶಕ್ತಿ ಆಗಿನ ವೇಗ × ಕೂಡಿಸಿದ ವೇಗ. ಅಷ್ಟೇ ಇಂಧನಕ್ಕೆ ಭೂಸಮೀಪದಲ್ಲಿ ನಾಲ್ಕೂವರೆ ಪಟ್ಟು ಲಾಭ. ಇಸ್ರೊ ಭೂಸಮೀಪ ಬಿಂದುವಿನ ಆಸುಪಾಸಿನಲ್ಲೇ ಮತ್ತೆ ಮತ್ತೆ ಎಂಜಿನ್ ಉರಿಸಿ ಕಕ್ಷೆಯನ್ನು ಹಿಗ್ಗಿಸುತ್ತಾ ಹೋಗಿ, ಡಿಸೆಂಬರ್ 1ರಂದು ನೌಕೆಯನ್ನು ಮಂಗಳದ ದಾರಿಗೆ ಕಳಿಸಿದ್ದು ಇದಕ್ಕೇ.

ಪುಸ್ತಕ ಮುಚ್ಚಿ, ಈ ನಾಲ್ಕು ಸಾಲನ್ನು ಕೈಯಿಂದ ಬರೆದು, ಆ 9.9 ನಿಮ್ಮ ಹಾಳೆಯ ಮೇಲೂ ಬರುವ ತನಕ ದಯವಿಟ್ಟು ಎರಡನೆಯ ಅಧ್ಯಾಯಕ್ಕೆ ಹೋಗಬೇಡಿ.