ತಲೆ ಎತ್ತಿ ನೋಡುವ ಕಾಡು

ಸಫಾರಿ ಎಂದರೆ ನಮ್ಮವರಿಗೆ ನಾಗರಹೊಳೆ, ಬಂಡೀಪುರ, ಕಬಿನಿ. ಬಂಟ್ವಾಳ, ಮೂಡುಬಿದಿರೆಯ ಗೆಳೆಯರು ಎರಡು ದಿನ ರಜೆ ಸಿಕ್ಕಿದರೆ ಸಾಕು, ಘಟ್ಟ ಹತ್ತಿ ಆಚೆ ಇಳಿದು ಜೀಪಿನಲ್ಲಿ ಕುಳಿತು ಹುಲಿಗೆ ಕಾಯುತ್ತಾರೆ. ಹುಲಿ ಕಾಣದಿದ್ದರೆ ದುಡ್ಡು ದಂಡವಾಯಿತು ಎಂಬ ಬೇಸರ. ಹೋಗುವಾಗ ಬರುವಾಗ ಚಾರ್ಮಾಡಿಯ ತಿರುವುಗಳಲ್ಲಿ ಯಾವ ಕಾಡನ್ನು ದಾಟಿದೆವು ಎಂಬುದು ಮಾತ್ರ ಯಾರಿಗೂ ನೆನಪಿರುವುದಿಲ್ಲ. ಮನೆಬಾಗಿಲಿನ ಆ ಕಾಡಿನ ಪರವಾಗಿ ಈ ವಾರ ನನ್ನ ವಕಾಲತ್ತು.

ಬೆಳ್ತಂಗಡಿಯಿಂದ ಮೂಡಣಕ್ಕೆ ಕಾಣುವ ಬೆಟ್ಟಸಾಲು 600 ಚದರ ಕಿಲೋಮೀಟರಿನಷ್ಟು ಹರಡಿರುವ ಕುದುರೆಮುಖ ರಾಷ್ಟ್ರೀಯ ಉದ್ಯಾನದ್ದು. ಮಳೆಗಾಲ ಮುಗಿದ ಮೇಲೂ ಇಲ್ಲಿ ಮರಗಳು ಬೋಳಾಗುವುದಿಲ್ಲ. ನೆಲಕ್ಕೆ ಬಿಸಿಲು ತಾಗದು, ಹಾಗಾಗಿ ಅಡವಿಯೊಳಗೆ ಹುಲ್ಲಿಲ್ಲ. ಹುಲ್ಲಿಲ್ಲದ ಕಡೆ ಚುಕ್ಕೆಜಿಂಕೆಯ ಹಿಂಡು ಎಲ್ಲಿಂದ ಬರಬೇಕು? ಹತ್ತು ಮಾರು ದೂರದಲ್ಲಿ ಕಾಡುಕೋಣ ನಿಂತಿದ್ದರೂ ಗೊತ್ತಾಗುವುದಿಲ್ಲ. ಚಿಗುರು, ಹೂವು, ಹಣ್ಣು ಎಲ್ಲ ನಡೆಯುವುದು ನೆತ್ತಿಯ ಮೇಲೆ. ಜೀಪಿನ ಮಾಡಿನಡಿ ಕುಳಿತವರಿಗೆ ಇದು ಬರೀ ಹಸಿರು ಗೋಡೆ. ಕಾಲ್ನಡಿಗೆಯಲ್ಲೇ ಹೋಗಬೇಕು, ಕಿವಿ ಮುಂದೆ, ಕಣ್ಣು ಅದರ ಹಿಂದೆ.

ನನಗೆ ಸಿಂಗಳೀಕ ಮೊದಲು ಗೊತ್ತಾದದ್ದು ಸದ್ದಿನಿಂದ. ಹೆಬ್ಬಲಸಿನ ಮರದಡಿ ಒಣಗಿದ ಎಲೆಯ ಮೇಲೆ ಟಪ್ ಟಪ್ ಎಂದು ಏನೋ ಬೀಳುತ್ತಿತ್ತು. ಜೊತೆಗಿದ್ದ ಅರಣ್ಯ ವೀಕ್ಷಕರು ಬಗ್ಗಿ ಒಂದು ಚೂರು ಎತ್ತಿ ಕೈಗಿಟ್ಟರು: ಹಣ್ಣಿನ ಮುಳ್ಳುಸಿಪ್ಪೆ, ಕಚ್ಚಿದ ಗುರುತು ಹಸಿಯಾಗಿತ್ತು, ಮೇಣ ಬೆರಳಿಗೆ ಅಂಟಿತು. ತಲೆ ಎತ್ತಿದರೆ ಕೊಂಬೆಯ ಕವಲಿನಲ್ಲಿ ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ಎರಡೂ ಕೆನ್ನೆಯ ಚೀಲ ತುಂಬಿ ಉಬ್ಬಿದ್ದರೂ ಅದು ಇನ್ನೊಂದು ತೊಳೆ ಬಿಡಿಸುತ್ತಿತ್ತು. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇರದ ಕೋತಿ, ಬೆಳ್ತಂಗಡಿಯವರಿಗೆ ನೆರೆಮನೆಯ ದೂರದಲ್ಲಿ! ಹುಲಿ ದೇಶದ ಹತ್ತಾರು ಕಾಡುಗಳಲ್ಲಿ ಸಿಗುತ್ತದೆ ಸ್ವಾಮಿ.

ಈ ಉದ್ಯಾನ ಆದದ್ದೇ ಸಿಂಗಳೀಕದ ದೆಸೆಯಿಂದ. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿ ನಡೆಸಿದ ಸಿಂಗಳೀಕದ ಸಮೀಕ್ಷೆಯ ಬೆನ್ನಿಗೆ 1987ರಲ್ಲಿ ಸರಕಾರ ರಾಷ್ಟ್ರೀಯ ಉದ್ಯಾನ ಘೋಷಿಸಿತು. ಕಬ್ಬಿಣದ ಅದಿರಿನ ಗಣಿ ಅದರ ಮಗ್ಗುಲಲ್ಲೇ ನಡೆದಿತ್ತು. ಪರಿಸರದ ಹೋರಾಟ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನೇತ್ರಾವತಿ ಹುಟ್ಟುವುದೂ ಇದೇ ಬೆಟ್ಟಗಳಲ್ಲಿ. ಬಂಟ್ವಾಳದ ತುಂಬೆ ಅಣೆಕಟ್ಟಿನಿಂದ ಮಂಗಳೂರು ಕುಡಿಯುವ ನೀರು ಈ ಕಾಡು ಹಿಡಿದಿಟ್ಟು ಬಿಟ್ಟುಕೊಟ್ಟದ್ದು.

ಇನ್ನೊಂದು ಸದ್ದು ದೊಡ್ಡ ಮಂಗಟ್ಟೆ ಹಕ್ಕಿಯದು. ಹಾರುವಾಗ ರೆಕ್ಕೆಯ ಬೀಸು ಎಷ್ಟು ಜೋರೆಂದರೆ, ಹಕ್ಕಿ ಕಾಣುವ ಮೊದಲೇ ಎಲ್ಲರ ಕತ್ತು ಮೇಲಾಗಿರುತ್ತದೆ. ಮೊಟ್ಟೆಯಿಡುವ ಹೊತ್ತಿಗೆ ಹೆಣ್ಣು ಮರದ ಪೊಟರೆ ಸೇರಿ ಅದರ ಬಾಯಿ ಮುಚ್ಚಿಕೊಳ್ಳುತ್ತದೆ. ಸಣ್ಣ ಸೀಳಿನ ಮೂಲಕ ಗಂಡು ತಿಂಗಳುಗಟ್ಟಲೆ ಗೋಳಿಹಣ್ಣು ಉಣಿಸುತ್ತದೆ. ಪೊಟರೆ ಬೀಳುವುದು ಮುದಿ ಮರಕ್ಕೆ. ಅಂಥ ಮರ ಕಡಿದ ಕಡೆ ನೂರು ಸಸಿ ನೆಟ್ಟರೂ ಈ ಹಕ್ಕಿಗೆ ಮನೆಯಿಲ್ಲ.

ಹೊರಡುವವರಿಗೆ: ನವೆಂಬರಿನಿಂದ ಜನವರಿ ಒಳ್ಳೆಯದು. ಮಳೆಗಾಲದಲ್ಲಿ ಉಂಬಳದ ಕಾಟ, ಬಂಡೆಯ ಜಾರಿಕೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುತ್ತಾರೆ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ, ಊರಿನ ಮಾರ್ಗದರ್ಶಿ ಇಲ್ಲದೆ ಕಾಲಿಡಬೇಡಿ. ಸ್ಪೀಕರ್ ಮನೆಯಲ್ಲೇ ಇರಲಿ.

ಚಾರ್ಮಾಡಿಯಲ್ಲಿ ಕಾರು ನಿಲ್ಲಿಸಿ ಕೋತಿಗಳಿಗೆ ಬಿಸ್ಕತ್ತು, ಚಿಪ್ಸು ಎಸೆಯುವುದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಕಾರಿಂಜ ಕ್ಷೇತ್ರದಲ್ಲಿ ಮಂಗಗಳಿಗೆ ಅನ್ನ ಬಡಿಸುವುದು ದೇವಸ್ಥಾನದ ಪದ್ಧತಿ, ಬೆಟ್ಟದ ಮೇಲೆ ನಡೆಯುವ ಸಂಗತಿ. ಹೆದ್ದಾರಿಯಲ್ಲಿ ಹಾಗಲ್ಲ. ಡಾಂಬರಿಗೆ ಇಳಿಯುವ ರೂಢಿ ಬಿದ್ದ ಪ್ರಾಣಿ ಮುಂದಿನ ತಿರುವಿನಲ್ಲಿ ಬರುವ ಬಸ್ಸಿನ ಚಕ್ರಕ್ಕೆ ಸಿಗುತ್ತದೆ. ಪೊಟ್ಟಣ ಬಿಚ್ಚಬೇಡಿ, ಗಾಜು ಏರಿಸಿಕೊಂಡು ಮುಂದೆ ಹೋಗಿ.