ಗುಂಡಪ್ಪನವರ ರಾಜ್ಯವಿಚಾರದ ಶೈಲಿ

ಶಬ್ದವು ಉಪದೇಶಮಾಡುವ ಬಗೆ ಮೂರು ವಿಧವೆಂದು ಕಾವ್ಯಪ್ರಕಾಶಕಾರನ ಮತ. ಒಡೆಯನಂತೆ ಆಜ್ಞಾಪಿಸುವುದು ಪ್ರಭುಸಮ್ಮಿತ. ಗೆಳೆಯನಂತೆ ತಿಳಿಯಹೇಳುವುದು ಸುಹೃತ್ಸಮ್ಮಿತ. ಪ್ರಿಯೆಯಂತೆ ರಸದಿಂದ ಒಲಿಸುವುದು ಕಾಂತಾಸಮ್ಮಿತ. ರಾಜ್ಯವ್ಯವಹಾರವನ್ನು ಕುರಿತ ನಮ್ಮ ವಾಙ್ಮಯಕ್ಕೂ ಈ ವಿಭಾಗವು ಸಲ್ಲತಕ್ಕದ್ದು. ಚುನಾವಣೆಯ ಶಾಸನಗಳು ಪ್ರಭುಸಮ್ಮಿತ, ಡಿ. ವಿ. ಗುಂಡಪ್ಪನವರ ಗ್ರಂಥಗಳು ಸುಹೃತ್ಸಮ್ಮಿತ.

1887ರಲ್ಲಿ ಮುಳುಬಾಗಿಲಿನಲ್ಲಿ ಜನಿಸಿದ ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರೆಂಬುದು ವಿದಿತವೇ ಇದೆ. ಯಾವ ಪಕ್ಷಕ್ಕೂ ಸೇರದೆ, ಉಪನ್ಯಾಸ, ಅಧ್ಯಯನಗೋಷ್ಠಿ, ಪ್ರಕಟನೆಗಳಿಂದ ಪ್ರಜೆಯ ವಿವೇಕವನ್ನು ಬೆಳೆಸುವುದು ಅದರ ಉದ್ದೇಶ. 1970ರಲ್ಲಿ ಸಾರ್ವಜನಿಕರು ತಮಗೆ ಅರ್ಪಿಸಿದ ಒಂದು ಲಕ್ಷ ರೂಪಾಯಿಗಳ ನಿಧಿಯನ್ನು ಅವರು ಈ ಸಂಸ್ಥೆಗೇ ಕೊಟ್ಟುಬಿಟ್ಟರು. ಮತದಾರನು ತಿದ್ದಿಕೊಳ್ಳದೆ ರಾಜ್ಯವು ತಿದ್ದಲಾರದೆಂಬ ಅವರ ಸಿದ್ಧಾಂತವು ಬರಿಯ ಮಾತಾಗಿರಲಿಲ್ಲ.

ಈ ಮಿತ್ರೋಪದೇಶವನ್ನು ಹೊತ್ತ ಭಾಷೆ ಎಂತಹುದು? ಅವರ ಗ್ರಂಥದ ಹೆಸರಿನಲ್ಲಿರುವ ‘ರಾಜ್ಯಾಂಗ’ವೆಂಬ ಮಾತನ್ನೇ ಪರೀಕ್ಷಿಸೋಣ. ಕೌಟಿಲ್ಯನು ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂದು ಏಳನ್ನು ಗಣಿಸಿ ಸ್ವಾಮಿಯನ್ನು ಮೊದಲಿಗೆ ಇಟ್ಟನು. ಅದೇ ಪರಂಪರೆಯ ಶಬ್ದವನ್ನು ಗುಂಡಪ್ಪನವರು ಪ್ರಜಾಪ್ರಭುತ್ವದ ಕಟ್ಟಳೆಗೆ ಅನ್ವಯಿಸಿದಾಗ, ಸ್ವಾಮಿಯ ಸ್ಥಾನಕ್ಕೆ ಪ್ರಜೆಯೇ ಬಂದು ನಿಲ್ಲುತ್ತಾನೆ. ಹಳೆಯ ಮಾತಿನಲ್ಲಿ ಹೊಸ ಅರ್ಥವು ಮೊಳೆತಿದೆ, ಇದು ಗುಣ.

ಆದರೆ ಸಪ್ತಾಂಗವನ್ನು ಓದದವನಿಗೆ ಈ ಸೊಗಸು ದೊರೆಯದು. ಶಾಸ್ತ್ರದಲ್ಲಿ ಮಾತ್ರ ಪ್ರಸಿದ್ಧವಾದ ಪದದ ಬಳಕೆಯನ್ನು ಆಲಂಕಾರಿಕರು ಅಪ್ರತೀತವೆಂಬ ದೋಷವಾಗಿ ಎಣಿಸಿದರು. ಹೇಳುವವನೂ ಕೇಳುವವನೂ ಶಾಸ್ತ್ರಜ್ಞರಾದರೆ ಅದು ದೋಷವಲ್ಲವೆಂದೂ ಒಪ್ಪಿದರು. ಇಲ್ಲಿ ಕೇಳಬೇಕಾದವನು ಪಂಡಿತನಲ್ಲ, ಮತದಾರ. ಗುಂಡಪ್ಪನವರ ಹುಟ್ಟೂರಾದ ಮುಳುಬಾಗಿಲಿನಲ್ಲಿ, ನೆರೆಯ ಶ್ರೀನಿವಾಸಪುರದಲ್ಲಿ, ಎಷ್ಟೋ ಮನೆಗಳ ಮಾತು ತೆಲುಗು. ಅಲ್ಲಿಯ ರೈತನಿಗೆ ಶಾಲೆಯ ಕನ್ನಡವೇ ಎರಡನೆಯ ಮೆಟ್ಟಿಲು. ಸಂಸ್ಕೃತಭೂಯಿಷ್ಠವಾದ ಕನ್ನಡ ಮೂರನೆಯದು. ಪಾಠಶಾಲೆಯಲ್ಲಿ ಬೆಳೆದ ನನಗೆ ಈ ಶೈಲಿ ಹಿತವಾಗಿದೆ. ಆದಕಾರಣವೇ ಇದರ ದೋಷವು ನನ್ನಂಥವರ ಕಣ್ಣಿಗೆ ತಡವಾಗಿ ಬೀಳುತ್ತದೆ.

ಮಾಲೂರು ತಾಲ್ಲೂಕಿನವರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೂರನೆಯ ದಾರಿಯನ್ನು ಹಿಡಿದರು. 1956ರ ‘ಚಿಕವೀರ ರಾಜೇಂದ್ರ’ದ ವಸ್ತು 1834ರಲ್ಲಿ ಪಟ್ಟವನ್ನು ಕಳೆದುಕೊಂಡ ಕೊಡಗಿನ ಕಡೆಯ ಅರಸನ ಕಥೆ. ಅರಸನನ್ನು ತಿದ್ದುವ ಉಪಾಯವು ರಾಜ್ಯದೊಳಗೇ ಇಲ್ಲದಿದ್ದರೆ ಪರರ ಸೇನೆ ಒಳಗೆ ಬರುತ್ತದೆಂಬ ತತ್ತ್ವವನ್ನು ಅಲ್ಲಿ ಬೋಪಣ್ಣ, ಬಸವರ ನಡತೆಯಿಂದಲೇ ಓದುಗನು ಗ್ರಹಿಸುತ್ತಾನೆ, ಪರಿಭಾಷೆ ಬೇಕಾಗುವುದಿಲ್ಲ. ಹಾಗೆಂದು ಕಥೆಯೊಂದೇ ಸಾಲದು. ಅದು ಕೇಡನ್ನು ಕಾಣಿಸುತ್ತದೆ. ಅಧಿಕಾರಕ್ಕೆ ಎಲ್ಲೆ ಹೇಗೆ, ಮತಕ್ಕೆ ಹೊಣೆ ಏನು ಎಂಬುದನ್ನು ಶಾಸ್ತ್ರವೇ ಹೇಳಬೇಕು.

ಇದು ಗ್ರಂಥಸ್ಥ ಜಿಜ್ಞಾಸೆಯಷ್ಟೇ ಅಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಮಾಲೂರಿನ ಗೆಲುವಿನ ಅಂತರ 248 ಮತಗಳು. ಒಂದು ಸಣ್ಣ ಹಳ್ಳಿಯ ವಿವೇಕ ಅಥವಾ ಅವಿವೇಕವು ಕ್ಷೇತ್ರದ ಫಲವನ್ನು ನಿರ್ಣಯಿಸಬಲ್ಲದು. ಆದಕಾರಣ ಕೋಲಾರ ಪ್ರಾಂತದ ಉಪಾಧ್ಯಾಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಗುಂಡಪ್ಪನವರ ಗ್ರಂಥಗಳನ್ನು ಪೂಜೆಗೆ ಇಡದೆ, ಅವುಗಳ ಒಂದೊಂದು ಪರಿಭಾಷೆಗೂ ಊರಿನ ಮಾತಿನಲ್ಲಿ, ಬೇಕಾದರೆ ತೆಲುಗಿನಲ್ಲಿಯೂ, ಟಿಪ್ಪಣಿಯನ್ನು ರಚಿಸಬೇಕು. ಗೆಳೆಯನ ಮಾತು ಗೆಳೆಯನಿಗೆ ತಿಳಿಯದಿದ್ದರೆ ಅದು ಸುಹೃತ್ಸಮ್ಮಿತವೆಂದು ಹೇಗೆ ಎನಿಸೀತು?